ಐದು ಮನೆಗಳಲ್ಲಿ ಅಕ್ಕಿ ಸೊನ್ನೆ

ಆ ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ಟುಗಳನ್ನು ತೆಗೆದುಕೊಂಡು ಬಂದೆ. ಒಂದರ ಮೂಲೆ ಜಿನುಗುತ್ತಿತ್ತು. ಅದನ್ನೇ ಮೊದಲು ಕಾಯಿಸಲು ಇಟ್ಟೆ. ಅತ್ತೆಯವರು ಸ್ನಾನ ಮುಗಿಸಿ ಇಷ್ಟಲಿಂಗ ಪೂಜೆಗೆ ಕುಳಿತಿದ್ದರು. ಆ ಅರ್ಧ ಗಂಟೆ ಮಿಕ್ಸಿ ಹಾಕುವಂತಿಲ್ಲ ಎನ್ನುವುದು ನಮ್ಮ ಮನೆಯ ನಿಯಮ. ಹಾಗಾಗಿ ಚಟ್ನಿಗೆ ಕಾಯಿ ತುರಿದಿಟ್ಟು, ರೊಟ್ಟಿಗೆ ಅಕ್ಕಿ ಹಿಟ್ಟನ್ನು ತಟ್ಟೆಗೆ ಸುರಿದು, ತಟ್ಟೆಯನ್ನು ಪುಟ್ಟ ತೂಕದ ಯಂತ್ರದ ಮೇಲಿಟ್ಟೆ.

"ನಮ್ಮನೆ ನಿನ್ನ ಸರ್ವೇಲಿ ಇಲ್ಲ ಕಣೇ. ಸುಮ್ನೆ ಕಲಸು," ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ.

"ಅಭ್ಯಾಸ ಆಗಿಹೋಗಿದೆ ರೀ."

"ನಾಳೆ ನನ್ನೂ ತೂಕ ಹಾಕ್ತೀಯ."

ಅಭ್ಯಾಸವಾಗಿ ಎರಡು ತಿಂಗಳಾಗಿತ್ತು. ಆಹಾರದ ಅಂಕಿಅಂಶಗಳನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಗೆ ನಮ್ಮ ಸುತ್ತಲ ಬಡಾವಣೆಗಳಲ್ಲಿ ಮನೆಮನೆಗೆ ಹೋಗಿ, ಜನ ಹಿಂದಿನ ದಿನ ಏನು ತಿಂದರು, ಎಷ್ಟು ತಿಂದರು ಎಂದು ಬರೆದು ತರುವ ಗಣತಿದಾರರು ಬೇಕಾಗಿದ್ದರು. ಇಂಗ್ಲಿಷ್ ಫಾರಂ ಓದಲು ಬರಬೇಕು, ಕನ್ನಡದಲ್ಲಿ ಮಾತಾಡಿಸಲು ಬರಬೇಕು, ಅಡುಗೆಮನೆಯೊಳಗೆ ಬರಲು ಮನೆಯವರು ಬಿಡುವಂತಹ ಮುಖ ಇರಬೇಕು. ಈ ಮೂರನೆಯದನ್ನು ಅವರೇನೂ ಬಾಯಿಬಿಟ್ಟು ಹೇಳಲಿಲ್ಲ, ನಾನು ಊಹಿಸಿಕೊಂಡದ್ದು. ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ, ಇಪ್ಪತ್ತನಾಲ್ಕು ವರ್ಷ ಶಂಕರಪುರದ ಈ ಮನೆಯನ್ನು ನಡೆಸಿದ ಮೇಲೆ ನನ್ನ ಸ್ವಂತ ಹೆಸರಿಗೆ ಬಂದ ಮೊದಲ ಕೆಲಸ ಅದು. ಕೊರಳಿಗೆ ಹಾಕಿಕೊಳ್ಳುವ ಗುರುತಿನ ಕಾರ್ಡನ್ನು ಮೊದಲ ವಾರವೆಲ್ಲ ಮನೆಗೆ ಬಂದಮೇಲೂ ತೆಗೆಯಲು ಮರೆಯುತ್ತಿದ್ದೆ. ಮರೆಯುತ್ತಿದ್ದೆ ಎಂದು ಹೇಳುತ್ತಿದ್ದೆ, ಅಷ್ಟೇ.

ಏಳೂವರೆಗೆ ಮೊದಲ ರೊಟ್ಟಿ ತಟ್ಟುವಾಗ ಮೇಲ್ವಿಚಾರಕಿಯ ಸಂದೇಶ ಬಂತು. "ಮೇಡಂ, ನಿಮ್ಮ ಗುರುವಾರದ ಆರು ಮನೆಗಳಲ್ಲಿ ಐದರಲ್ಲಿ ಅಕ್ಕಿ ಸೊನ್ನೆ. ಐದೂ ಮಾಮೂಲಿ ದಿನ ಅಂತ ಇದೆ. ಸಂಜೆ ಐದಕ್ಕೆ ಬ್ಲಾಕ್ ಮುಚ್ಚಬೇಕು. ಬೇಗ ಬನ್ನಿ."

ಎರಡು ಸಲ ಓದಿದೆ. ಅಷ್ಟರಲ್ಲಿ ರೊಟ್ಟಿಯ ಅಂಚು ಸೀದಿತು.

ನಮ್ಮ ಕೆಲಸದ ಕ್ರಮವನ್ನು ಸ್ವಲ್ಪ ಹೇಳಬೇಕು. ತರಬೇತಿಯ ಮೊದಲ ದಿನ ಸಂಸ್ಥೆಯ ಹಿರಿಯ ಅಂಕಿಅಂಶ ತಜ್ಞರು ಗೋಡೆಯ ಮೇಲೆ ಒಂದು ದೊಡ್ಡ ಪಟ್ಟಿ ಮೂಡಿಸಿದ್ದರು. ಜಗತ್ತಿನ ದೇಶಗಳೆಲ್ಲ ಎಡಕ್ಕೆ, ಬೆಳೆಗಳು ಮೇಲೆ. ಒಂದು ದೇಶ ಬೆಳೆದ ಅಕ್ಕಿಗೆ ಹೊರಗಿನಿಂದ ತರಿಸಿದ್ದನ್ನು ಕೂಡಬೇಕು. ಹೊರಗೆ ಕಳಿಸಿದ್ದು, ಬಿತ್ತನೆಗೆ ಎತ್ತಿಟ್ಟದ್ದು, ದನಕ್ಕೂ ಕೋಳಿಗೂ ಹಾಕಿದ್ದು, ಗೋದಾಮಿನಲ್ಲಿ ಹಾಳಾದದ್ದು ಇವನ್ನೆಲ್ಲ ಕಳೆಯಬೇಕು. ಉಳಿದದ್ದನ್ನು ಜನಸಂಖ್ಯೆಯಿಂದ ಭಾಗಿಸಿ, ಮತ್ತೆ ವರ್ಷದ ದಿನಗಳಿಂದ ಭಾಗಿಸಿದರೆ ಒಬ್ಬ ಮನುಷ್ಯನಿಗೆ ಒಂದು ದಿನಕ್ಕೆ ಇಷ್ಟು ಗ್ರಾಂ ಎಂಬ ಒಂದು ಸಂಖ್ಯೆ ಸಿಗುತ್ತದೆ. ಹಡಗುಗಟ್ಟಲೆ ಧಾನ್ಯ ಭಾಗವಾಗುತ್ತ ಭಾಗವಾಗುತ್ತ ಕೊನೆಗೆ ಒಂದು ಹಿಡಿಯಾಗಿ ತಟ್ಟೆಗೆ ಬಂದು ಕೂರುವುದನ್ನು ನೋಡಿ ನನಗೆ ಬಹಳ ಸೋಜಿಗವಾಗಿತ್ತು. ನಮ್ಮವರ ಮನೆತನದ್ದು ತರಗುಪೇಟೆಯಲ್ಲಿ ಮೂರು ತಲೆಮಾರಿನ ದಿನಸಿ ಮಂಡಿ. ಮೂಟೆ ಎಂದರೆ ನನಗೆ ಹೊಸದಲ್ಲ. ಆದರೆ ಮೂಟೆಯಿಂದಾಚೆಗೆ ನಾನು ಯೋಚಿಸಿರಲಿಲ್ಲ. ಜಗತ್ತಿನಲ್ಲಿ ಬೆಳೆಯುವ ಮೆಕ್ಕೆಜೋಳದ ದೊಡ್ಡ ಪಾಲು ಮನುಷ್ಯರ ಬಾಯಿಗೆ ಹೋಗುವುದೇ ಇಲ್ಲ, ದನ, ಹಂದಿ, ಕೋಳಿಗಳ ಮೇವಾಗುತ್ತದೆ ಎಂದು ತಿಳಿದದ್ದೂ ಅಂದೇ.

"ಈ ಸಂಖ್ಯೆ ಧಾನ್ಯ ಮನೆ ಬಾಗಿಲವರೆಗೂ ಬಂದದ್ದನ್ನ ಹೇಳತ್ತೆ," ಎಂದಿದ್ದರು ತಜ್ಞರು. "ಬಾಯಿಗೆ ಎಷ್ಟು ಹೋಯ್ತು ಅಂತ ಹೇಳಲ್ಲ. ಬಾಗಿಲಿಗೂ ಬಾಯಿಗೂ ಮಧ್ಯೆ ಇರೋದು ನೀವು."

ಆ ಮಾತನ್ನು ನಾನು ತುಸು ಹೆಚ್ಚಾಗಿಯೇ ಹಚ್ಚಿಕೊಂಡೆ.

ಒಂದು ಬ್ಲಾಕಿಗೆ ಹನ್ನೆರಡು ಮನೆ. ಯಾವ ಮನೆಗೆ ಯಾವ ದಿನ ಹೋಗಬೇಕೆಂದು ಚೀಟಿ ಎತ್ತಿ ನಿಗದಿ ಮಾಡುತ್ತಾರೆ. ಗಣತಿದಾರರ ಅನುಕೂಲಕ್ಕೆ ತಕ್ಕಂತೆ ದಿನ ಆರಿಸಿದರೆ ಲೆಕ್ಕ ಒಂದು ಕಡೆ ವಾಲುತ್ತದಂತೆ. ಹೋದವರು ಹಿಂದಿನ ದಿನ ಎದ್ದಾಗಿನಿಂದ ಮಲಗುವವರೆಗೆ ತಿಂದದ್ದನ್ನು ಕೇಳಬೇಕು, ಮನೆಯವರದೇ ಲೋಟ, ಸೌಟು, ಪಾವುಗಳಲ್ಲಿ ಅಳೆಸಿ ತೂಗಬೇಕು. ಪಾವು ಎಂದರೆ ಎಲ್ಲ ಮನೆಯಲ್ಲೂ ಒಂದೇ ಎಂದು ನಾನು ತಿಳಿದಿದ್ದೆ. ಹಾಗಿಲ್ಲ. ಒಂದು ಮನೆಯ ಹಿತ್ತಾಳೆ ಪಾವಿಗೂ ಇನ್ನೊಂದರ ಸ್ಟೀಲ್ ಪಾವಿಗೂ ಒಂದು ಹಿಡಿ ಅಕ್ಕಿಯ ವ್ಯತ್ಯಾಸ. ಕೊನೆಗೆ "ನಿನ್ನೆ ಮಾಮೂಲಿ ದಿನವೇ, ವಿಶೇಷ ದಿನವೇ?" ಎಂದು ಕೇಳಿ ಗುರುತು ಹಾಕಬೇಕು. ಮದುವೆ, ಹಬ್ಬ, ಕಾಯಿಲೆ, ತಿಥಿ ಇದ್ದರೆ ವಿಶೇಷ. ಆಗ ಆ ಮನೆಯ ಹಾಳೆ ಬಿಟ್ಟು ಇನ್ನೊಂದು ದಿನ ಹೋಗಬೇಕು. ಮನೆಯವರು ಹೇಳಿದ್ದನ್ನೇ ಬರೆಯಬೇಕು, ನಮ್ಮ ಅಭಿಪ್ರಾಯ ಸೇರಿಸಬಾರದು.

ಆ ಆರು ಮನೆಗಳಿಗೆ ಚೀಟಿಯಲ್ಲಿ ಬಂದದ್ದು ಬುಧವಾರ. ನಾನು ಹೋಗಿ ಬರೆದದ್ದು ಗುರುವಾರ. ಬುಧವಾರ ಏಕಾದಶಿಯಾಗಿತ್ತು.

ನಮ್ಮ ಮನೆಯಲ್ಲಿ ಏಕಾದಶಿ ಆಚರಿಸುವುದಿಲ್ಲ, ನಮ್ಮದೇನಿದ್ದರೂ ಸೋಮವಾರ. ಆದರೆ ಆ ಬೀದಿಯಲ್ಲಿ ಬಹಳ ಮನೆಗಳಲ್ಲಿ ಆಚರಿಸುತ್ತಾರೆಂದು ನನಗೆ ಚೆನ್ನಾಗಿ ಗೊತ್ತು. ಬುಧವಾರ ಮೊದಲ ಮನೆಯ ಗೇಟಿನವರೆಗೂ ಹೋದೆ. ಹೊಟ್ಟೆಗೆ ಅನ್ನವಿಲ್ಲದೆ ಕುಳಿತವರ ಮುಂದೆ ತಕ್ಕಡಿ ಹಿಡಿದು "ನಿನ್ನೆ ಎಷ್ಟು ಸೌಟು ಹುಳಿ ತಿಂದಿರಿ" ಎಂದು ಕೇಳುವುದೆಂದರೆ ನಾಲಿಗೆ ಏಳಲಿಲ್ಲ. ಮಾರನೆಯ ದಿನ ದ್ವಾದಶಿ. ಅವತ್ತು ಆ ಮನೆಗಳಲ್ಲಿ ಬೆಳಕು ಹರಿಯುವ ಹೊತ್ತಿಗೇ ಪಾರಣೆಯ ಊಟ ಮುಗಿದು, ಒಂಬತ್ತಕ್ಕೆಲ್ಲ ಅಡುಗೆಮನೆ ತೊಳೆದು ಹೆಂಗಸರು ನಿರಾಳವಾಗಿ ಕೂತಿರುತ್ತಾರೆ. ಅವತ್ತೇ ಬಂದರಾಯಿತು ಎಂದುಕೊಂಡು ಹಿಂದಿರುಗಿದೆ. ಗುರುವಾರ ನಾನೆಣಿಸಿದಂತೆಯೇ ಆಯಿತು. ಎಲ್ಲರೂ ಬಿಡುವಾಗಿದ್ದರು, ಪ್ರತಿ ಮನೆಯಲ್ಲೂ ಕಾಫಿ ಕೊಟ್ಟರು. ಆದರೆ ನಾನು ಕೇಳಬೇಕಾದ "ನಿನ್ನೆ" ಈಗ ಏಕಾದಶಿಯೇ ಆಗಿಬಿಟ್ಟಿದೆ ಎಂಬುದು, ಅಷ್ಟೆಲ್ಲ ಯೋಚಿಸಿದ ನನ್ನ ತಲೆಗೆ ಹೊಳೆದದ್ದು ಮೊದಲ ಮನೆಯಲ್ಲಿ ಪೆನ್ನು ತೆರೆದ ಮೇಲೆ.

ಆಗಲೂ ಗಾಬರಿಯಾಗಲಿಲ್ಲ. ಏಕಾದಶಿಯೂ ಒಂದು ದಿನವೇ ತಾನೆ ಎಂದುಕೊಂಡು ಬರೆದೆ. "ಮಾಮೂಲಿ ದಿನವೇ?" ಎಂದರೆ ಎಲ್ಲರೂ "ಮಾಮೂಲಿ ರೀ, ಏಕಾದಶಿ" ಎಂದರು. ನಾನು ಮಾಮೂಲಿ ಎಂದೇ ಗುರುತು ಹಾಕಿದೆ. ಆರನೆಯ ಮನೆಯಲ್ಲಿ ಮಾತ್ರ ಎಂದಿನಂತೆ ಅನ್ನ ಸಾರು ಮಾಡಿದ್ದರು.

ಇನ್ನೊಂದು ಖಾನೆ ಇತ್ತು. ಭೇಟಿ ಒಂದು ದಿನ ತಡವಾದರೆ ಕಾರಣಕ್ಕೆ ಸಂಖ್ಯೆ ಹಾಕಬೇಕು. ಒಂದು ಎಂದರೆ ಮನೆ ಬಾಗಿಲು ಹಾಕಿತ್ತು, ಎರಡು ಅಸೌಖ್ಯ, ಮೂರು ನಿರಾಕರಣೆ. ಕೇಳಲು ಸಂಕೋಚವಾಯಿತು ಎಂಬುದಕ್ಕೆ ಸಂಖ್ಯೆ ಇರಲಿಲ್ಲ. ನಾನು ಆರು ಫಾರಮ್ಮಿನಲ್ಲೂ ಒಂದು ಎಂದು ಬರೆದೆ.

ಹತ್ತು ಗಂಟೆಗೆ ಚಾಮರಾಜಪೇಟೆಯ ನಮ್ಮ ಕ್ಷೇತ್ರ ಕಚೇರಿ ತಲುಪಿದೆ. ಹಳೆಯ ಮನೆಯೊಂದರ ಮಹಡಿ ಅದು. ಮೇಲ್ವಿಚಾರಕಿ ನನ್ನ ಐದು ಹಾಳೆಗಳನ್ನು ಮೇಜಿನ ಮೇಲೆ ಇಸ್ಪೀಟಿನಂತೆ ಹರಡಿಕೊಂಡಿದ್ದಳು. ಕೋಲಾರದ ಕಡೆಯ ಹುಡುಗಿ, ಮೂವತ್ತು ತುಂಬಿರಲಿಕ್ಕಿಲ್ಲ, ಕೆಲಸದಲ್ಲಿ ಚುರುಕು.

"ಏನ್ ಮೇಡಂ ಇದು? ಐದು ಮನೇಲೂ ಅವಲಕ್ಕಿ, ಉಪ್ಪಿಟ್ಟು, ಬಾಳೆಹಣ್ಣು, ಹಾಲು. ಒಂದು ಫಾರಂ ಬರ್ದು ನಾಲ್ಕು ಜೆರಾಕ್ಸ್ ಹೊಡ್ಸಿದ್ರಾ?"

"ಅವತ್ತು ಏಕಾದಶಿ ಮೇಡಂ. ಅವರ ಮನೇಲಿ ಅನ್ನ ಮಾಡಲ್ಲ."

"ಅವಲಕ್ಕಿ ಅಕ್ಕಿ ಅಲ್ವಾ?"

"ನಮ್ಮ ಕೋಡ್ ಪಟ್ಟೀಲಿ ಅಕ್ಕಿ ಬೇರೆ, ಅವಲಕ್ಕಿ ಬೇರೆ. ಅವರಿಗೂ ಬೇರೇನೇ. ಅನ್ನ ಆದ್ರೆ ಮುಸುರೆ, ಅವಲಕ್ಕಿ ಆಗತ್ತೆ."

ಅವಳು ತಲೆ ಕೆರೆದುಕೊಂಡಳು. "ನಮ್ಮ ಕಡೆ ಮುದ್ದೆ ಇಲ್ದೇ ಇರೋ ದಿನ ಅಂದ್ರೆ ಜ್ವರ ಬಂದ ದಿನ. ಸರಿ, ಉಪವಾಸ ಅಂದ್ರೆ ವಿಶೇಷ ದಿನ ತಾನೆ? ಮಾಮೂಲಿ ಅಂತ ಯಾಕೆ ಹಾಕಿದ್ರಿ?"

"ಅವರೇ ಮಾಮೂಲಿ ಅಂದ್ರು. ತಿಂಗಳಿಗೆ ಎರಡು ಸಲ ಬರೋದು ಅದ್ಹೇಗ್ರೀ ವಿಶೇಷ ಆಗತ್ತೆ ಅಂತ ಒಬ್ರು ನನ್ನೇ ಕೇಳಿದ್ರು."

"ಐದೂ ಜನಾನೂ?"

"ಐದೂ ಜನಾನೂ."

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಅನುಮಾನಕ್ಕಿಂತ ಹೆಚ್ಚಾಗಿ ಅದರಲ್ಲಿ ಕನಿಕರವಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು. ಕಂಪ್ಯೂಟರು ಈ ಐದು ಹಾಳೆಗಳನ್ನು ಕೆಂಪು ಮಾಡಿದೆ, ಮನೆಯಲ್ಲೇ ಕೂತು ತುಂಬಿದ ಫಾರಮ್ಮುಗಳು ಹೀಗೇ ಕಾಣುವುದು ಎಂದಳು. ಹೀಗೆಯೇ ಕಳಿಸಿದರೆ ಬ್ಲಾಕು ಸಂಶಯಾಸ್ಪದ ಎಂದು ವಾಪಸು ಬರುತ್ತದೆ, ನನ್ನ ಹಿಂದಿನ ಮೂರು ಬ್ಲಾಕುಗಳೂ ಅದರೊಡನೆ ಹೋಗುತ್ತವೆ, ತಂಡದ ಪಟ್ಟಿಯಿಂದ ಹೆಸರೂ ಹೋಗುತ್ತದೆ. ಆಮೇಲೆ ದನಿ ತಗ್ಗಿಸಿದಳು.

"ಒಂದ್ ಕೆಲ್ಸ ಮಾಡಿ. ಚೀಟೀಲಿ ಬಂದಿದ್ದು ಬುಧವಾರ. ಅವತ್ತೇ ಮಾತಾಡಿಸಿದ್ರೆ ಮಂಗಳವಾರದ್ದು ಕೇಳ್ತಿದ್ರಿ. ಈಗ ಹೋಗಿ ಮಂಗಳವಾರ ಏನ್ ತಿಂದ್ರು ಅಂತ ಕೇಳಿ, ಅದನ್ನ ಹಾಕ್ಬಿಡಿ. ಬುಧವಾರ ನೀವು ಹೋಗಿದ್ರಿ, ಬಾಗಿಲು ಹಾಕಿತ್ತು. ನಿಮ್ಮ ತಪ್ಪೇನಿಲ್ಲ."

ಫಾರಮ್ಮಿನಲ್ಲಿದ್ದ ನಿಜವನ್ನೆಲ್ಲ ಅನುಮಾನಿಸಿದ ಆ ಹುಡುಗಿ ಅದರಲ್ಲಿದ್ದ ಒಂದೇ ಒಂದು ಸುಳ್ಳನ್ನು ಮಾತ್ರ ಹಾಗೇ ನಂಬಿದ್ದಳು. "ಸರಿ," ಎಂದಷ್ಟೇ ಹೇಳಿ ಹಾಳೆಗಳನ್ನು ಎತ್ತಿಕೊಂಡೆ.

ಮೆಟ್ಟಿಲಿಳಿಯುವಾಗ ಅವಳ ಸಲಹೆ ಅಷ್ಟೇನೂ ತಪ್ಪಲ್ಲ ಎನ್ನಿಸಿತು. ಚೀಟಿಯ ಪ್ರಕಾರ ಮಂಗಳವಾರವೇ ಸರಿಯಾದ ದಿನ. ಎರಡು ದಿನ ಕಳೆದ ಮೇಲೆ ನೆನಪಿನಿಂದ ಬರೆಯಬಾರದೆಂಬ ನಿಯಮವೊಂದಿದೆ, ಇರಲಿ. ಮೂರು ದಿನದ ಹಿಂದಿನ ಅಡುಗೆ ಯಾರಿಗೆ ಮರೆಯುತ್ತದೆ?

ಮೊದಲ ಮನೆಯ ಜಗುಲಿಯಲ್ಲಿ ಎಂಬತ್ತು ದಾಟಿದ ಅಜ್ಜಿ ಕಾಲು ಚಾಚಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅವರ ಸೊಸೆ, ನನ್ನ ವಯಸ್ಸಿನವರು, ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಮಂಗಳವಾರ ಏನು ಅಡುಗೆ ಮಾಡಿದ್ರಿ?" ಎಂದು ಕೇಳಿದೆ.

"ಮಂಗಳವಾರ ಹುಳಿ. ನುಗ್ಗೇಕಾಯಿ ಹುಳಿ. ಅಲ್ಲ, ಅದು ಸೋಮವಾರ. ಮಂಗಳವಾರ ದಶಮಿ... ಗೊಜ್ಜು ಮಾಡಿದ್ನಾ? ತಡೀರಿ, ನಮ್ಮೋರಿಗೆ ಫೋನ್ ಮಾಡ್ತೀನಿ."

"ಅವನಿಗೆ ಇವತ್ತು ಬೆಳಿಗ್ಗೆ ತಿಂದಿದ್ದೇ ನೆನಪಿರಲ್ಲ," ಎಂದರು ಅಜ್ಜಿ ಬತ್ತಿಯಿಂದ ಕಣ್ಣೆತ್ತದೆ. "ಏನಮ್ಮಾ, ಬುಧವಾರದ್ದು ಅಷ್ಟುದ್ದ ಬರ್ಕೊಂಡು ಹೋದ್ಯಲ್ಲ, ಅದೇನಾಯ್ತು?"

"ಅದನ್ನ ತೆಗೆದು ಮಂಗಳವಾರದ್ದು ಹಾಕ್ಬೇಕಂತೆ ಅಜ್ಜಿ."

"ಯಾಕೆ? ಬುಧವಾರ ನಾವು ಈ ಲೋಕದಲ್ಲಿ ಇರ್ಲಿಲ್ವಾ?"

ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಜ್ಜಿ ನಗಲಿಲ್ಲ.

"ಮದುವೆಯಾಗಿ ಈ ಮನೆಗೆ ಬಂದಾಗಿಂದ ಒಂದು ಏಕಾದಶಿ ತಪ್ಪಿಸಿಲ್ಲ ನಾನು. ಬಾಣಂತಿತನ ಬಿಟ್ಟು. ಅಷ್ಟೂ ದಿನಾನೂ ನಿಮ್ಮ ಪುಸ್ತಕದಲ್ಲಿ ನಾನು ಅನ್ನ ಉಂಡ ಹಾಗೆ ಬರ್ಕೋತೀರಾ? ಚೆನ್ನಾಗಿದೆ ಕಣಮ್ಮ ನಿಮ್ಮ ಲೆಕ್ಕ."

"ನಿಮ್ಮೊಬ್ಬರದ್ದಲ್ಲ ಅಜ್ಜಿ, ಅದು ಎಲ್ಲರದ್ದೂ ಸೇರಿ ಒಂದು ಸರಾಸರಿ..."

"ಎಲ್ಲರದ್ದೂ ಸೇರ್ಸಿದ್ರೆ ನಂದೂ ಸೇರ್ಬೇಕಲ್ವಾ? ಹೋಗ್ಲಿ ಬಿಡು. ಬುಧವಾರ ನೀನೂ ಬಂದಿದ್ದೆ. ಗೇಟ್ ಹಿಡ್ಕೊಂಡು ನಿಂತು ವಾಪಸ್ ಹೋದೆ. ಬಾರಮ್ಮಾ ಅನ್ನೋಣ ಅಂದ್ರೆ ಅಷ್ಟರಲ್ಲಿ ತಿರುವು ದಾಟಿದ್ದೆ. ಬಾಗಿಲು ತೆರೆದೇ ಇತ್ತು."

ನಾನು ಜಗುಲಿಯ ಅಂಚಿನಲ್ಲಿ ಕುಳಿತೆ. ಅವರು ಆಕ್ಷೇಪಣೆ ಮಾಡಿದ್ದಲ್ಲ, ಕರೆಯಲಾಗಲಿಲ್ಲವಲ್ಲ ಎಂದು ಹೇಳಿದ್ದು. ಆದರೆ ತೊಡೆಯ ಮೇಲಿನ ಹಾಳೆಯಲ್ಲಿ ನನ್ನದೇ ದುಂಡಗಿನ ಕಾನ್ವೆಂಟ್ ಅಕ್ಷರದಲ್ಲಿ ಬರೆದ ಒಂದು ಎಂಬ ಆ ಸಂಖ್ಯೆ ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು.

ಮಂಗಳವಾರದ್ದನ್ನು ಬರೆಯುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಆದರೆ ಬರೆಯುವುದಿಲ್ಲ ಎಂದರೆ ಸಾಲದು. ಆ ಸೊನ್ನೆಗಳು ನಿಜವೆಂದು ತೋರಿಸಬೇಕು, ಸಂಜೆ ಐದರ ಒಳಗೆ. ಹಾಳೆಗಳನ್ನು ಮೊದಲಿನಿಂದ ಓದತೊಡಗಿದೆ. ಫಾರಮ್ಮಿನ ಎರಡನೆಯ ಭಾಗದಲ್ಲಿ ತಿಂಗಳಿಗೆ ತರಿಸುವ ಸಾಮಾನಿನ ಪಟ್ಟಿ ಇರುತ್ತದೆ. ಅದನ್ನು ನಾವು ಯಾಂತ್ರಿಕವಾಗಿ ತುಂಬುತ್ತೇವೆ, ಯಾರೂ ಮೊದಲ ಭಾಗದೊಂದಿಗೆ ತಾಳೆ ನೋಡುವುದಿಲ್ಲ. ಮಾಮೂಲಾಗಿ ದಿನಕ್ಕೆ ಎಷ್ಟು ಪಾವು ಅಕ್ಕಿ ಹಾಕುತ್ತೀರಿ ಎಂದು ಸೊಸೆಯನ್ನು ಕೇಳಿದೆ. ಮೂರು ಪಾವು ಎಂದರು. ಅವರ ಹಿತ್ತಾಳೆ ಪಾವಿನ ತೂಕ ಗುರುವಾರವೇ ಹಾಕಿದ್ದೆ. ತಿಂಗಳ ಅಕ್ಕಿಯನ್ನು ಆ ದಿನದಳತೆಯಿಂದ ಭಾಗಿಸಿದೆ. ಮೂವತ್ತು ಬರಲಿಲ್ಲ. ಇನ್ನೊಮ್ಮೆ ಮಾಡಿದೆ. ಇಪ್ಪತ್ತೆಂಟು.

"ಹೂಂ ಮತ್ತೆ," ಎಂದರು ಸೊಸೆ, ನಾನು ಹೊಸದೇನೋ ಕಂಡುಹಿಡಿದಂತೆ ಮುಖ ಮಾಡಿದ್ದಕ್ಕೆ. "ಎರಡು ಏಕಾದಶಿ ಬಿಟ್ಟೇ ಲೆಕ್ಕ ಹಾಕಿ ತರಿಸೋದು ರೀ. ಇಲ್ದಿದ್ರೆ ತಿಂಗಳಿಗೆ ಆರು ಪಾವು ಉಳ್ಕೊಳ್ಳತ್ತೆ, ಮಳೆಗಾಲದಲ್ಲಿ ಹುಳ ಹಿಡಿಯತ್ತೆ."

ಉಳಿದ ನಾಲ್ಕು ಮನೆಗಳಿಗೂ ಹೋಗಿ ದಿನದಳತೆ ಕೇಳಿಕೊಂಡು ಬಂದೆ. ಎರಡರಲ್ಲಿ ಇಪ್ಪತ್ತೆಂಟರ ಆಸುಪಾಸು. ಒಂದರಲ್ಲಿ ಇಪ್ಪತ್ನಾಲ್ಕು. ಭಾನುವಾರ ಮಗಳ ಮನೆಯಲ್ಲಿ ಊಟ ಎಂದು ಆಮೇಲೆ ತಿಳಿಯಿತು. ಐದನೆಯದು ಮೂವತ್ತೇಳು ಬಂತು. ಎಷ್ಟು ಕೇಳಿದರೂ ಆ ಮನೆಯ ಲೆಕ್ಕ ನನಗೆ ಬಿಡಿಸಲಾಗಲಿಲ್ಲ. ಅದನ್ನೂ ಹಾಗೇ ಗುರುತು ಮಾಡಿಕೊಂಡೆ.

ಮಧ್ಯಾಹ್ನ ಅಂಗಡಿಗೆ ಫೋನ್ ಮಾಡಿ ಯಜಮಾನರನ್ನು ಕೇಳಿದೆ, ಏಕಾದಶಿ ಹತ್ತಿರ ಬಂದಾಗ ಮಂಡಿಯಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತದೆಯೇ ಎಂದು. ಹಿಂದೆ ಹಮಾಲರ ಕೂಗು ಕೇಳಿಸುತ್ತಿತ್ತು.

"ಇದೇನು ಹೊಸಾ ವಿಷ್ಯಾನಾ? ಅದರ ಹಿಂದಿನ ಎರಡು ದಿನ ಈ ಕಡೆಯ ಸಣ್ಣ ಅಂಗಡಿಯೋರು ಅವಲಕ್ಕಿ, ಸಬ್ಬಕ್ಕಿ, ರವೆ ಜಾಸ್ತಿ ಎತ್ತಾರೆ. ನಮ್ಮಪ್ಪ ಗೋಡೆ ಕ್ಯಾಲೆಂಡರ್ ನೋಡ್ಕೊಂಡೇ ಮಾಲು ತರಿಸ್ತಿದ್ರು. ನಿಮ್ಮ ಜಗತ್ತಿನ ಲೆಕ್ಕದೋರ ಹತ್ರ ಕ್ಯಾಲೆಂಡರ್ ಇಲ್ವಾ?"

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಶಾಲೆಯಲ್ಲಿ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ನಮ್ಮ ಸಿಸ್ಟರುಗಳು ಮಾಂಸ ಮುಟ್ಟುತ್ತಿರಲಿಲ್ಲ. ಆ ದಿನ ಹಾಸ್ಟೆಲಿನ ಅಡುಗೆಮನೆಯಿಂದ ಬರುವ ವಾಸನೆಯೇ ಬೇರೆ. ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ರಂಜಾನ್ ತಿಂಗಳಿನಲ್ಲಿ ಹಗಲಿನ ಒಲೆ ಆರಿರುತ್ತದೆ. ಇಥಿಯೋಪಿಯಾದಲ್ಲಿ ಟೆಫ್ ಎಂಬ, ನಮ್ಮ ರಾಗಿಗಿಂತಲೂ ಸಣ್ಣ ಕಾಳು ಮುಖ್ಯ ಆಹಾರವೆಂದು ಪಟ್ಟಿಯಲ್ಲಿ ಓದಿ ಬೆರಗಾಗಿದ್ದೆ. ಅಲ್ಲಿಯ ಕ್ರೈಸ್ತರಿಗೂ ವರ್ಷದಲ್ಲಿ ಬಹಳಷ್ಟು ಉಪವಾಸದ ದಿನಗಳಿವೆಯಂತೆ. ಆ ದೊಡ್ಡ ಪಟ್ಟಿ ಮಾತ್ರ ಎಲ್ಲರನ್ನೂ ವರ್ಷದ ಎಲ್ಲ ದಿನಗಳಿಂದಲೂ ಒಂದೇ ಸಮ ಭಾಗಿಸುತ್ತದೆ. ಒಟ್ಟು ಧಾನ್ಯದ ಲೆಕ್ಕಕ್ಕೆ ಅದು ಸಾಕಿರಬಹುದು. ಆದರೆ ಬಾಗಿಲಿಗೂ ಬಾಯಿಗೂ ಮಧ್ಯೆ ನಿಂತವರು ಹಾಗೆ ಮಾಡಬಹುದೇ?

ಮೂರು ಗಂಟೆಗೆ ಮತ್ತೆ ಕಚೇರಿಗೆ ಹೋದೆ. ಮೇಲ್ವಿಚಾರಕಿ ಕೈ ಚಾಚಿದಳು. "ಆಯ್ತಾ? ಮಂಗಳವಾರದ್ದು ಸಿಕ್ತಾ?"

"ಇಲ್ಲ. ಅದಕ್ಕೂ ಮೊದಲು ಒಂದು ಹೇಳ್ಬೇಕು. ಬುಧವಾರ ಮನೆ ಬಾಗಿಲು ಹಾಕಿರ್ಲಿಲ್ಲ. ನಾನೇ ಮೊದಲ ಮನೆ ಗೇಟ್‌ನಿಂದ ವಾಪಸ್ ಬಂದೆ. ಉಪವಾಸ ಇರೋರ ಹತ್ರ ಊಟದ ವಿಷಯ ಕೇಳೋಕೆ ಸಂಕೋಚ ಆಯ್ತು. ಕಾರಣ ಸಂಖ್ಯೆ ಸುಳ್ಳು ಬರ್ದೆ."

ಅವಳ ಮುಖದಲ್ಲಿದ್ದ ಕನಿಕರ ಹೋಯಿತು.

"ಮೇಡಂ, ನಾನು ಬೆಳಿಗ್ಗೆಯಿಂದ ನಿಮ್ಮ ಪರವಾಗಿ ಇಬ್ಬರ ಹತ್ರ ಮಾತಾಡಿದೀನಿ. ಎಲ್ಲಾ ಬಿಟ್ಟು ಅದೊಂದನ್ನ ನಂಬಿದ್ದೆ ನಾನು!"

"ಗೊತ್ತು."

"ಚೀಟಿ ಎತ್ತೋದು ಯಾಕೆ ಮತ್ತೆ? ನಿಮಗೆ ಸಂಕೋಚ ಆದ ದಿನ ಎಲ್ಲಾ ಬಿಟ್ರೆ ಆಮೇಲೆ ಉಳಿಯೋದೇನು?"

ನಾನು ಹೇಳಬೇಕೆಂದುಕೊಂಡು ಬಂದಿದ್ದ ಮಾತನ್ನು ಅವಳೇ ಆಡಿದ್ದಳು. "ಅದೇ ಮೇಡಂ," ಎಂದೆ. "ನಾನು ಬಿಟ್ಟಿದ್ದು ತಪ್ಪು. ಆದ್ರೆ ವಿಶೇಷ ದಿನ ಅಂತ ಹಾಕಿದ್ರೆ ಫಾರಂ ಕೂಡ ಅದನ್ನೇ ಬಿಡತ್ತೆ. ಇನ್ನೊಂದು ದಿನ ಹೋಗಿ ಅನ್ನ ಉಂಡಿದ್ದು ಬರ್ಕೊಂಡು ಬನ್ನಿ ಅನ್ನತ್ತೆ. ಆಮೇಲೆ ಅದನ್ನ ಇಡೀ ವರ್ಷಕ್ಕೆ ಗುಣಿಸ್ತೀವಿ." ಭಾಗಾಕಾರದ ಹಾಳೆಯನ್ನು ಮುಂದಿಟ್ಟೆ. ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ತೆಂಟು, ಇಪ್ಪತ್ನಾಲ್ಕು, ಮೂವತ್ತೇಳು.

ಅವಳು ಬೆರಳಿಟ್ಟದ್ದು ಮೂವತ್ತೇಳರ ಮೇಲೆ. "ಇದೇನು?"

"ಗೊತ್ತಾಗ್ಲಿಲ್ಲ."

ಆಮೇಲೆ ಅವಳು ಹೇಳಿದಳು, ಆ ಮೂವತ್ತೇಳು ಇಲ್ಲದೇ ಹೋಗಿದ್ದರೆ ಆ ಹಾಳೆಯನ್ನೂ ನಂಬುತ್ತಿರಲಿಲ್ಲವಂತೆ. ಮನೆಯಲ್ಲಿ ಕೂತು ಬರೆದವರು ಯಾರೂ ತಮಗೇ ಅರ್ಥವಾಗದ ಸಂಖ್ಯೆ ಬರೆಯುವುದಿಲ್ಲ. ಆದರೂ ಅವಳು ನಂಬಿ ಸುಮ್ಮನಾಗಲಿಲ್ಲ. ಅಜ್ಜಿಯ ಮನೆಗೂ ಇನ್ನೊಂದು ಮನೆಗೂ ಫೋನ್ ಮಾಡಿ, ನನ್ನನ್ನು ಹೊರಗೆ ಕಳಿಸಿ, ತಾನೇ ವಿಚಾರಿಸಿದಳು. ಬಾಗಿಲಾಚೆ ಬೆಂಚಿನಲ್ಲಿ ಕೂತ ನನಗೆ ಒಳಗಿನಿಂದ "ಹೂಂ ಅಜ್ಜಿ... ಇಲ್ಲ ಅಜ್ಜಿ... ಹಾಗಲ್ಲ ಅಜ್ಜಿ..." ಎಂಬುದಷ್ಟೇ ಬಹಳ ಹೊತ್ತು ಕೇಳಿಸಿತು. ಹೊರಗೆ ಬಂದಾಗ ಅವಳ ಹಣೆ ಬೆವರಿತ್ತು. "'ಬುಧವಾರ ನಾವು ಲೋಕದಲ್ಲಿ ಇರ್ಲಿಲ್ವಾ' ಅಂತ ಕೇಳ್ತಾರೆ," ಎಂದಳು.

ನಂತರ ಹಿರಿಯ ತಜ್ಞರಿಗೆ ಕರೆ ಮಾಡಿ ದನಿಯನ್ನು ಸ್ಪೀಕರಿಗೆ ಹಾಕಿದಳು. ಅವರು ನನ್ನನ್ನು ಏನೂ ಕೇಳಲಿಲ್ಲ, ಅವಳಿಗೆ ಒಂದು ಕೆಲಸ ಹೇಳಿದರು. ಈ ಸುತ್ತಿನ ಎರಡು ತಿಂಗಳಲ್ಲಿ ನಾಲ್ಕು ಏಕಾದಶಿ ಬಂದಿರಬೇಕು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಎಲ್ಲ ಬ್ಲಾಕುಗಳಲ್ಲಿ ಆ ನಾಲ್ಕು ದಿನಗಳ ಊಟ ದಾಖಲಾದ ಹಾಳೆಗಳನ್ನು ಹುಡುಕು, ಅವುಗಳಲ್ಲಿ ಅಕ್ಕಿ ಸೊನ್ನೆ ಇರುವವು ಎಷ್ಟಿವೆ ನೋಡು ಎಂದರು. ಅವಳು ಹುಡುಕಿದಳು.

"ಸರ್, ಈ ಐದು ಬಿಟ್ರೆ ಒಂದೂ ಇಲ್ಲ. ಆ ದಿನಗಳ ಊಟ ಕೇಳ್ಬೇಕು ಅಂತ ಚೀಟಿ ಬಿದ್ದಿದ್ದ ಮನೆಗಳು ಸುಮಾರಿವೆ. ಅನ್ನ ಉಂಡಿರೋವು ಬಿಟ್ರೆ ಎಲ್ಲಾ ವಿಶೇಷ ದಿನ, ಬದಲಿ ಭೇಟಿ ಅಂತ ಇದೆ."

"ಅಂದ್ರೆ ಏಕಾದಶಿಗಳನ್ನೆಲ್ಲ ನಾವೇ ಅಳಿಸಿ, ಉಳಿದ ದಿನಗಳನ್ನ ಮುನ್ನೂರರವತ್ತೈದರಿಂದ ಗುಣಿಸ್ತಾ ಇದೀವಿ," ಎಂದರು ತಜ್ಞರು. ಬೈದದ್ದು ಯಾರನ್ನೂ ಅಲ್ಲ, ಆದರೆ ದನಿಯಲ್ಲಿ ತಮ್ಮ ಮೇಲೆಯೇ ಸಿಡುಕಿತ್ತು.

ನಿರ್ಧಾರ ನಾಲ್ಕೂವರೆಗೆ ಆಯಿತು. ನನ್ನ ಐದು ಹಾಳೆಗಳು ಸುಳ್ಳಲ್ಲ, ಆದರೆ ಚೀಟಿಯ ದಿನದವೂ ಅಲ್ಲ. ಆದ್ದರಿಂದ ಈ ಬ್ಲಾಕಿನ ಸರಾಸರಿಗೆ ಸೇರುವುದಿಲ್ಲ. ಅವುಗಳನ್ನು ಪ್ರತ್ಯೇಕವಾಗಿ ಇಡುವುದು, ಆರು ಮನೆಗಳಿಗೂ ಮತ್ತೆ ಚೀಟಿ ಎತ್ತುವುದು, ಬ್ಲಾಕನ್ನು ಒಂದು ವಾರ ತೆರೆದಿಡುವುದು. ಮುಂದೆ, ಪದೇಪದೇ ಬರುವ ಉಪವಾಸವನ್ನು ಯಾರೂ ವಿಶೇಷ ಎಂದು ಬಿಡಬಾರದು, ಚೀಟಿಯ ಪ್ರಕಾರ ಆ ದಿನದ ಊಟ ಕೇಳಬೇಕಾಗಿ ಬಂದರೆ ಅದನ್ನೇ ಬರೆಯಬೇಕು. ಅದಕ್ಕೊಂದು ಹೊಸ ಕೋಡ್ ಬರುತ್ತದೆ, ಅದರ ವಿವರಣೆಯ ಕನ್ನಡವನ್ನು ನಾನು ಬರೆದುಕೊಡಬೇಕು. ಸುಳ್ಳು ಕಾರಣ ಬರೆದದ್ದಕ್ಕೆ ನನಗೆ ಲಿಖಿತ ಎಚ್ಚರಿಕೆ. ಇನ್ನೊಮ್ಮೆ ಹಾಗಾದರೆ ಕೆಲಸ ಹೋಗುತ್ತದೆ.

ಕಾಗದಕ್ಕೆ ಸಹಿ ಹಾಕಿದೆ. ಆರೂ ಫಾರಮ್ಮುಗಳಲ್ಲಿ ಒಂದು ಎಂಬ ಆ ಸಂಖ್ಯೆಯನ್ನು ಗೆರೆಯೆಳೆದು ಹೊಡೆದು, ಪಕ್ಕದಲ್ಲಿ ಸಣ್ಣದಾಗಿ "ಸಂಕೋಚದಿಂದ ಹಿಂದಿರುಗಿದೆ" ಎಂದು ಬರೆದೆ. ಮೇಲ್ವಿಚಾರಕಿ ಅದನ್ನು ಓದಿ ಹಾಳೆಗಳನ್ನು ಕಡತಕ್ಕೆ ಸೇರಿಸಿದಳು. ನಾನು ಹೊರಡುವಾಗ, "ಮುಂದಿನ ಏಕಾದಶಿ ಯಾವತ್ತು ಮೇಡಂ?" ಎಂದು ಕೇಳಿ ತನ್ನ ಫೋನಿನಲ್ಲಿ ಗುರುತು ಮಾಡಿಕೊಂಡಳು.

ಮನೆಗೆ ಬಂದು ಮುಖ ತೊಳೆದು, ದೀಪ ಹಚ್ಚಿ, ಒಗ್ಗರಣೆಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದಾಗ ಆರೂವರೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆ ಒಣಗಿದ ಬಟ್ಟೆ ಎತ್ತುತ್ತಿದ್ದರು. ಅವರ ಮನೆಯಲ್ಲೂ ಏಕಾದಶಿ ಉಂಟು, ಆದರೆ ಅವರ ಮನೆ ಚೀಟಿಯಲ್ಲಿ ಬಂದಿರಲಿಲ್ಲ. ಮುಖ ಯಾಕೆ ಬಾಡಿದೆ ಎಂದು ಕೇಳಿದರು. ಹೇಳಬಹುದಾದಷ್ಟನ್ನು, ಯಾವ ಮನೆಯ ಗುರುತೂ ಸಿಗದಂತೆ, ಹೇಳಿದೆ. ಅಕ್ಕಿ ಸೊನ್ನೆ ಬಂದದ್ದು, ಯಾರೂ ನಂಬದೇ ಹೋದದ್ದು, ಕೊನೆಗೆ ಸೊನ್ನೆ ಸೊನ್ನೆಯಾಗಿಯೇ ಉಳಿದದ್ದು.

"ಒಳ್ಳೇದಾಯ್ತು ಬಿಡಿ, ನಿಜ ಗೆಲ್ತು," ಎಂದು ಅವರು ಕೊನೆಯ ಪಂಚೆಯನ್ನು ಎಳೆದು ಮಡಿಸಿ ಹೆಗಲಿಗೆ ಹಾಕಿಕೊಂಡರು. ಒಳಗೆ ಹೋಗಲು ತಿರುಗಿದವರು ಏನೋ ಹೊಳೆದಂತೆ ನಿಂತರು.

"ಅಂದ ಹಾಗೆ, ಮಸಾಲೆ ದೋಸೆ ನಿಮ್ಮಲ್ಲಿ ಅಕ್ಕಿ ಲೆಕ್ಕಕ್ಕೆ ಸೇರತ್ತಾ ರೀ? ನಮ್ಮನೆಯವರು ಏಕಾದಶಿ ದಿನ ವಾಕಿಂಗ್ ಹೋದ್ರೆ ಬಾಯಲ್ಲಿ ಈರುಳ್ಳಿ ವಾಸನೆ ಇಟ್ಕೊಂಡೇ ವಾಪಸ್ ಬರೋದು."